ಊರ ಕಾವಲು ಯಾರ ಹೊಣೆ?

ರಾಜ್ಯವೆಂಬುದು ಹಳ್ಳಿಯ ಸಾಮಾನ್ಯ ಪ್ರಜೆಗೆ ಬಹುಕಾಲ ಎರಡೇ ರೂಪಗಳಲ್ಲಿ ಕಾಣಿಸಿಕೊಂಡಿದೆ. ಒಂದು, ಕಂದಾಯ ಕೇಳಲು ಬಂದವನ ರೂಪ. ಇನ್ನೊಂದು, ಕಳ್ಳನನ್ನು ಹಿಡಿಯಲು ಬಂದವನ ರೂಪ. ಮೊದಲನೆಯವನನ್ನು ಕುರಿತು ನಮ್ಮ ಚರಿತ್ರಕಾರರು ಸಾಕಷ್ಟು ಬರೆದಿದ್ದಾರೆ. ಎರಡನೆಯವನ ವಿಚಾರಕ್ಕೆ ಒಂದೆರಡು ಸಾಲುಗಳಿಗಿಂತ ಹೆಚ್ಚು ಜಾಗ ದೊರೆತಿಲ್ಲ. ಆದರೆ ರಾತ್ರಿ ಹೊತ್ತು ಊರನ್ನು ಕಾಯುವವರು ಯಾರು, ಅವರಿಗೆ ಕೂಲಿ ಕೊಡುವವರು ಯಾರು, ಕಾಯುವವನೇ ತಪ್ಪಿದರೆ ಅವನನ್ನು ಕೇಳುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಆಯಾ ಕಾಲ ಕೊಟ್ಟ ಉತ್ತರಗಳನ್ನು ಜೋಡಿಸಿದರೆ ಒಂದು ನಾಡಿನ ರಾಜಕೀಯ ಸುಧಾರಣೆಯ ಇತಿಹಾಸವೇ ಕಣ್ಣೆದುರು ನಿಲ್ಲುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ, ಅದರಲ್ಲಿಯೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ನಾಡಿನಲ್ಲಿ, ಈ ಉತ್ತರಗಳು ಹೇಗೆ ಬದಲಾಗುತ್ತ ಬಂದವೆಂಬುದನ್ನು ಸ್ಥೂಲವಾಗಿ ನೋಡೋಣ.

ಕಾವಲಿನ ಅಗತ್ಯ ಎಲ್ಲ ಊರುಗಳಿಗೂ ಉಂಟು. ತೆಂಗಿನ ಸೀಮೆಗೆ ಅದು ತುಸು ಹೆಚ್ಚು. ರಾಗಿಯನ್ನು ಕೊಯ್ದು, ಒಕ್ಕಿ, ಹಗೇವಿಗೆ ಸುರಿದು ಬಾಯಿ ಮುಚ್ಚಿಬಿಡಬಹುದು. ತೆಂಗಾದರೋ ವರ್ಷವಿಡೀ ಮರದ ಮೇಲೆಯೇ ಇರುತ್ತದೆ, ಅದೂ ಊರಾಚೆಯ ತೋಟದಲ್ಲಿ. ಕೆಡವಿದ ಕಾಯಿಯೂ ಕೂಡಲೇ ಹಣವಾಗುವುದಿಲ್ಲ. ಅಟ್ಟದ ಮೇಲೆ ಹರಡಿ, ಒಳಗಿನ ನೀರು ಇಂಗಿ, ಅಲುಗಿಸಿದರೆ ಗಡಗಡ ಸದ್ದು ಬರುವವರೆಗೆ ಹಲವು ತಿಂಗಳು ಕಾಯಬೇಕು. ಆಗ ಅದು ಕೊಬ್ಬರಿ. ಹೀಗೆ ರೈತನ ವರ್ಷದ ದುಡಿಮೆ ತೋಟದಲ್ಲಿ ತೆರೆದ ಬಾನಿನ ಕೆಳಗೂ ಮನೆಯಲ್ಲಿ ಹಂಚಿನ ಕೆಳಗೂ ಬೀಗವಿಲ್ಲದೆ ಬಿದ್ದಿರುತ್ತದೆ. ಇನ್ನು ನೀರಿನ ಮಾತು. ಮಾಯಸಂದ್ರದಂಥ ಊರಿನ ಹೆಸರಿನಲ್ಲಿರುವ 'ಸಂದ್ರ'ವೆಂಬುದು ಸಮುದ್ರ ಶಬ್ದದ ಸವೆದ ರೂಪ. ನಮ್ಮ ಪೂರ್ವಿಕರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆದರು. ಕೆರೆಯಿದ್ದಲ್ಲಿ ತೂಬುಂಟು, ತೂಬಿದ್ದಲ್ಲಿ ನೀರಿನ ಸರದಿಯುಂಟು, ಸರದಿಯಿದ್ದಲ್ಲಿ ಜಗಳವುಂಟು. ಇಂಥ ನಾಡು ಕಾವಲುಗಾರನಿಲ್ಲದೆ ಒಂದು ವರ್ಷವೂ ಬಾಳಲಾರದು.

ಈ ಅಗತ್ಯವನ್ನು ಹಳೆಯ ಗ್ರಾಮವ್ಯವಸ್ಥೆ ತನ್ನೊಳಗಿನಿಂದಲೇ ಪೂರೈಸಿಕೊಂಡಿತ್ತು. ಆಯಗಾರರೆಂದು ಕರೆಯಲ್ಪಟ್ಟ ಗ್ರಾಮಸೇವಕರ ಸಾಲಿನಲ್ಲಿ ಗೌಡ, ಶಾನುಭೋಗ, ಬಡಗಿ, ಕಮ್ಮಾರ, ಕುಂಬಾರ, ಅಗಸ ಮೊದಲಾದವರೊಡನೆ ತಳವಾರ, ತೋಟಿ, ನೀರುಗಂಟಿಗಳೂ ಇದ್ದರು. ಕಂಪನಿ ಸರ್ಕಾರದ ಆಡಳಿತವನ್ನು ಕುರಿತು 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಸಲಾದ ಪ್ರಸಿದ್ಧ ಐದನೆಯ ವರದಿ ದಕ್ಷಿಣದ ಹಳ್ಳಿಗಳನ್ನು ವರ್ಣಿಸುತ್ತ ತಳವಾರ ತೋಟಿಗಳ ಕೆಲಸವನ್ನು ಬೇರ್ಪಡಿಸಿ ಹೇಳುತ್ತದೆ. ತಳವಾರನ ವ್ಯಾಪ್ತಿ ದೊಡ್ಡದು: ಅಪರಾಧಗಳ ಸುಳಿವು ಹಿಡಿಯುವುದು, ಊರಿಂದೂರಿಗೆ ಹೋಗುವ ಪ್ರಯಾಣಿಕರಿಗೆ ಬೆಂಗಾವಲಾಗಿ ನಡೆಯುವುದು. ತೋಟಿಯ ವ್ಯಾಪ್ತಿ ಊರೊಳಗೆ: ಬೆಳೆ ಕಾಯುವುದು, ಅಳೆಯುವಾಗ ನೆರವಾಗುವುದು. ಕಳುವಾದ ಮನೆಯಿಂದ ಹೆಜ್ಜೆಯ ಜಾಡು ಹಿಡಿದು ಹೋಗಿ, ಅದು ನೆರೆಯೂರಿನ ಎಲ್ಲೆ ದಾಟಿದೆಯೆಂದು ತೋರಿಸಿಕೊಟ್ಟರೆ ಹೊಣೆ ಆ ಊರಿನ ಮೇಲೆ ಬೀಳುವ ಪದ್ಧತಿ ಭಾರತದ ಅನೇಕ ಕಡೆ ಇತ್ತು. ಕೆಲವು ಸೀಮೆಗಳಲ್ಲಿ ಕಳ್ಳ ಸಿಕ್ಕದಿದ್ದರೆ ಕಾವಲಿನವನೇ ಮಾಲಿನ ಬೆಲೆ ತುಂಬಿಕೊಡಬೇಕಾಗಿತ್ತು. ಇದಕ್ಕೆಲ್ಲ ಪ್ರತಿಫಲ, ಸುಗ್ಗಿಯಲ್ಲಿ ಕಣದ ಮೇಲೆ ಅಳೆದುಕೊಡುವ ಆಯ ಮತ್ತು ಒಂದಿಷ್ಟು ಇನಾಂ ಭೂಮಿ. ಸಂಬಳವಿರಲಿಲ್ಲ, ಬಿಲ್ಲೆಯಿರಲಿಲ್ಲ, ಕಾಗದಪತ್ರವಿರಲಿಲ್ಲ. ಕಾವಲಿನವನಿಗೆ ಊರಿನ ಪ್ರತಿ ಮನೆಯೂ ಗೊತ್ತಿತ್ತು. ಅವನನ್ನು ಊರಿನ ಪ್ರತಿ ಮನೆಯೂ ಬಲ್ಲದು. ಅದೇ ಅವನ ಬಲ.

ಇಷ್ಟನ್ನು ಓದಿ, ಹಿಂದೆ ಎಲ್ಲವೂ ಸುಭಿಕ್ಷವಾಗಿತ್ತೆಂದು ಮೈಮರೆಯುವ ಹಾಗಿಲ್ಲ. ಊರ ಸಂಪತ್ತನ್ನು ಕಾಯುವ ತೋಟಿ, ಸಂಪತ್ತಿನಲ್ಲಿ ಪಾಲಿಲ್ಲದ ಜಾತಿಯಿಂದ ಬಂದವನು. ಬಹುಮಟ್ಟಿಗೆ ಹೊಲಗೇರಿ, ಮಾದಿಗರ ಹಟ್ಟಿಗಳ ಜನರ ಮೇಲೆ ಬಿದ್ದ ವಂಶಪಾರಂಪರ್ಯದ ಚಾಕರಿ ಅದು. ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಕಳುವಾದರೆ ಮೊದಲ ಗುಮಾನಿಯೂ ಅವನ ಕೇರಿಯ ಮೇಲೆಯೇ. ಹತ್ತೊಂಬತ್ತನೆಯ ಶತಮಾನದ ಮೈಸೂರಿನ ಅಧಿಕಾರಿಗಳು ಬರೆದಿಟ್ಟ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಎರಡು ಊರುಗಳ ಗಡಿಯ ಬಗ್ಗೆ ವಿವಾದವೆದ್ದಾಗ ಹೊಲೆಯರ ಕುಳವಾಡಿಯು ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಎಲ್ಲೆಯುದ್ದಕ್ಕೂ ನಡೆಯುತ್ತಿದ್ದನು. ಅವನು ನಡೆದ ಜಾಡೇ ಗಡಿ. ಊರ ನೆಲದ ಪರಮ ಸಾಕ್ಷಿ ಅವನು. ಆದರೆ ಅದೇ ಊರಿನ ಬಾವಿಯ ನೀರು ಅವನಿಗೆ ನಿಷಿದ್ಧ. ನಮ್ಮ ಗ್ರಾಮಸ್ವಾತಂತ್ರ್ಯವನ್ನು ಹೊಗಳುವಾಗ ಈ ವಿಪರ್ಯಾಸವನ್ನು ಜೊತೆಯಲ್ಲಿಟ್ಟುಕೊಂಡೇ ಹೊಗಳಬೇಕಾಗುತ್ತದೆ.

ಹಳ್ಳಿಯ ಕಾವಲು ಹಳ್ಳಿಗಳ್ಳನಿಗೆ ಸಾಕು, ದಂಡಿಗೆ ಸಾಲದು. ಕೇಂದ್ರದ ಪ್ರಭುತ್ವ ಸಡಿಲಗೊಂಡಾಗಲೆಲ್ಲ ನಡುವೆ ಪಾಳೆಯಗಾರ ತಲೆಯೆತ್ತಿದ. ವಿಜಯನಗರದ ಪತನದ ಅನಂತರ ತುಮಕೂರು ಸೀಮೆ ಇಂಥ ಪಾಳೆಯಪಟ್ಟುಗಳ ನೆಲೆಯಾಯಿತು. ಹಾಗಲವಾಡಿಯ ನಾಯಕರು ಅವರಲ್ಲಿ ಪ್ರಮುಖರು. ಚಿಕ್ಕನಾಯಕನಹಳ್ಳಿಯ ಹೆಸರು ಆ ಮನೆತನವನ್ನೇ ನೆನಪಿಸುತ್ತದೆ. ಪಾಳೆಯಗಾರನೂ ಒಂದು ಬಗೆಯ ಕಾವಲುಗಾರನೇ. ಪ್ರಜೆಗೆ ರಕ್ಷಣೆ ಕೊಟ್ಟ, ಕೆರೆ ಕಟ್ಟಿಸಿದ, ಪೇಟೆ ಬೆಳೆಸಿದ. ಆದರೆ ಅವನನ್ನು ಕೇಳುವವರು ಯಾರೂ ಇರಲಿಲ್ಲ. ನೆರೆಯ ಪಾಳೆಯಪಟ್ಟಿನ ದನಗಳನ್ನು ಹೊಡೆದುಕೊಂಡು ಬರುವುದೂ ಅವನ ಪಾಲಿಗೆ ಪರಾಕ್ರಮವೇ ಆಗಿತ್ತು. ಕ್ರಮೇಣ ಈ ಸೀಮೆ ಮೈಸೂರಿನ ಒಡೆತನಕ್ಕೆ ಸೇರಿತು. ಅಷ್ಟಾದರೂ ನೆಮ್ಮದಿ ಬರಲಿಲ್ಲ. 1791-92ರ ಯುದ್ಧಕಾಲದಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ಈ ದಾರಿಯಲ್ಲಿ ಹಾದು ಚಿಕ್ಕನಾಯಕನಹಳ್ಳಿಯನ್ನು ಸೂರೆಮಾಡಿತು. 1800ರಲ್ಲಿ ಈ ಪ್ರಾಂತ್ಯದಲ್ಲಿ ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ತೆಂಗಿನ ತೋಟಗಳ ಸೊಗಸಿನೊಡನೆ ಮಣ್ಣಿನ ಕೋಟೆಗಳನ್ನೂ ವರ್ಣಿಸುತ್ತಾನೆ. ಬೆಳೆಯುವ ಕೈಯೇ ಗೋಡೆಯನ್ನೂ ಎತ್ತಬೇಕಾಗಿದ್ದ ಕಾಲ ಅದು.

ಬುಕಾನನ್ ಬಂದ ಹೊತ್ತಿಗೆ ಶ್ರೀರಂಗಪಟ್ಟಣ ಬಿದ್ದು ಒಂದು ವರ್ಷವಾಗಿತ್ತು. 1799ರಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯಭಾರ ವಹಿಸಿಕೊಂಡ ದಿವಾನ್ ಪೂರ್ಣಯ್ಯನವರ ಮುಂದಿದ್ದ ಸಮಸ್ಯೆಯನ್ನು ಊಹಿಸಿಕೊಳ್ಳಬೇಕು. ಟಿಪ್ಪುವಿನ ದೊಡ್ಡ ಸೈನ್ಯ ಚದುರಿಹೋಗಿದೆ. ಕತ್ತಿಯ ಹೊರತು ಬೇರೆ ಕಸುಬು ಅರಿಯದ ಸಾವಿರಾರು ಕುಟುಂಬಗಳು ಹಳ್ಳಿಹಳ್ಳಿಗಳಲ್ಲಿ ಕೂತಿವೆ. ಪದಚ್ಯುತರಾದ ಪಾಳೆಯಗಾರರ ವಂಶಸ್ಥರು ಹೊಂಚು ಹಾಕುತ್ತಿದ್ದಾರೆ. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾದ ಧೋಂಡಿಯ ವಾಘ ಎಂಬವನು ದಂಡು ಕಟ್ಟಿಕೊಂಡು ಸುಲಿಯುತ್ತ ತಿರುಗಿ, 1800ರ ಸೆಪ್ಟೆಂಬರಿನಲ್ಲಿ ಕೋಣಗಲ್ಲಿನ ಬಳಿ ಹತನಾಗುವವರೆಗೆ ಕಂಪನಿಯ ಸೈನ್ಯಕ್ಕೇ ಬಿಡುವಿರಲಿಲ್ಲ. ಇಂಥವನ ಹಿಂದೆ ಹೋಗಲು ಸಿದ್ಧರಿದ್ದ ಜನರನ್ನು ಏನು ಮಾಡಬೇಕು?

ಪೂರ್ಣಯ್ಯನವರು ಕೊಟ್ಟ ಉತ್ತರ ಜಾಣತನದ್ದು. ಅವರನ್ನು ದಮನಮಾಡುವುದರ ಬದಲು ಕಾವಲಿಗೆ ಹಚ್ಚಿದರು. ಕಂದಾಚಾರವೆಂಬ ಹಳೆಯ ಇಲಾಖೆಯನ್ನು ಪುನರ್ವ್ಯವಸ್ಥೆಗೊಳಿಸಿ, ಸಿಪಾಯಿ ಕಸುಬಿನ ಪ್ರತಿ ಮನೆತನದಿಂದ ಒಬ್ಬನನ್ನಾದರೂ ಅದರಲ್ಲಿ ಸೇರಿಸಿಕೊಂಡರು. ಊರಲ್ಲಿದ್ದಾಗ ಸಣ್ಣ ಮೊತ್ತದ ಖಾಯಂ ಸಂಬಳ. ಸರದಿಯ ಮೇಲೆ ಕೆಲಸಕ್ಕೆ ಕರೆದಾಗ ಹೆಚ್ಚುವರಿ ಭತ್ಯೆ. ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಮೈಸೂರಿನ ಒಳಾಡಳಿತವನ್ನು ಕುರಿತು ಬರೆದ ವರದಿಯಲ್ಲಿ ಈ ಏರ್ಪಾಟನ್ನು ಮೆಚ್ಚಿ ವಿವರಿಸಿದ್ದಾನೆ. ಕಂದಾಚಾರದವನು ಬಿಡುವಿನಲ್ಲಿ ನೇಗಿಲು ಹಿಡಿದನು, ಕರೆ ಬಂದಾಗ ಕೋವಿ ಹಿಡಿದನು. ನೆಲದ ಮೇಲೆ ಬೇರೂರಿದವನು ದರೋಡೆಗೆ ಹೋಗುವುದು ಕಡಿಮೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಕಾವಲಿನವನು ಸ್ಥಳೀಯನೇ ಆಗಿ ಉಳಿದ, ಆದರೆ ಅವನ ಸಂಬಳ ಸರ್ಕಾರದ ಬೊಕ್ಕಸದಿಂದ ಬಂತು. ಹೀಗಾಗಿ ಪಾಳೆಯಗಾರನಿಗೂ ಪ್ರಜೆಗೂ ನಡುವೆ ಇದ್ದ ಹಳೆಯ ಕೊಂಡಿ ಸದ್ದಿಲ್ಲದೆ ಕಳಚಿತು.

ಇದೇ ಕಾಲದಲ್ಲಿ ಕಂಪನಿಯ ಸೀಮೆಗಳಲ್ಲಿ ನಡೆದ ಪ್ರಯೋಗಗಳನ್ನು ಪಕ್ಕದಲ್ಲಿಟ್ಟು ನೋಡುವುದು ಸ್ವಾರಸ್ಯಕರ. ಬಂಗಾಳದಲ್ಲಿ ಕಾರ್ನ್‌ವಾಲಿಸನು 1790ರ ದಶಕದ ಆರಂಭದಲ್ಲಿ ಜಮೀನುದಾರರ ಕೈಯಿಂದ ಪೋಲೀಸು ಅಧಿಕಾರವನ್ನು ಕಿತ್ತು, ಸಂಬಳದ ದರೋಗನನ್ನು ಠಾಣೆಗೊಬ್ಬನಂತೆ ಕೂರಿಸಿದ. ದರೋಗನಿಗೆ ಊರು ಗೊತ್ತಿಲ್ಲ, ಊರಿಗೆ ದರೋಗನೆಂದರೆ ಭಯ. ಕೆಲವೇ ವರ್ಷಗಳಲ್ಲಿ ಆ ಪದ್ಧತಿ ಅಪಖ್ಯಾತಿಗೆ ಗುರಿಯಾಯಿತು. ಬಳ್ಳಾರಿ ಮೊದಲಾದ ದತ್ತ ಮಂಡಲಗಳಲ್ಲಿ ಏಳು ವರ್ಷ ಕಲೆಕ್ಟರನಾಗಿದ್ದು ಹಳ್ಳಿಯ ಜೀವನವನ್ನು ಹತ್ತಿರದಿಂದ ಬಲ್ಲ ಥಾಮಸ್ ಮನ್ರೋ ಇದಕ್ಕೆ ವಿರುದ್ಧವಾದ ಮಾರ್ಗ ಹಿಡಿದ. ಅವನ ಒತ್ತಾಯದಿಂದ ಮದರಾಸು ಸರ್ಕಾರ 1816ರಲ್ಲಿ ಗ್ರಾಮದ ಮುಖ್ಯಸ್ಥನನ್ನೂ ತಳವಾರನನ್ನೂ ಪೋಲೀಸು ವ್ಯವಸ್ಥೆಯ ತಳಹದಿಯಾಗಿ ಮತ್ತೆ ಒಪ್ಪಿಕೊಂಡಿತು. ಸಣ್ಣಪುಟ್ಟ ಅಪರಾಧಗಳನ್ನು ವಿಚಾರಿಸುವ ಅಧಿಕಾರವನ್ನು ಮುಖ್ಯಸ್ಥನಿಗೆ ಕೊಟ್ಟಿತು. ಅಧಿಕಾರ ವಿಕೇಂದ್ರೀಕರಣದ ಈ ಶಾಸನದಲ್ಲಿಯೇ, ಕೋಳಕ್ಕೆ ಹಾಕುವ ಶಿಕ್ಷೆ ಕೆಳಜಾತಿಯವರಿಗೆ ಮಾತ್ರವೆಂಬ ನಿಯಮವೂ ಇತ್ತು. ಅಧಿಕಾರ ಊರಿಗೆ ಇಳಿದು ಬಂದರೆ ಊರಿನ ಮೇಲುಕೀಳುಗಳ ಕೈಗೇ ಇಳಿಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮತ್ತೆ ಮೈಸೂರಿಗೆ ಬರೋಣ. 1811ರಲ್ಲಿ ಪೂರ್ಣಯ್ಯನವರು ಅಧಿಕಾರ ಬಿಟ್ಟ ಮೇಲೆ ಅವರ ಯಂತ್ರ ಉಳಿಯಿತು, ಅದನ್ನು ನಡೆಸುವ ಹಿಡಿತ ಉಳಿಯಲಿಲ್ಲ. ತಾಲ್ಲೂಕಿನಲ್ಲಿ ಅಮಲ್ದಾರ, ಕಾವಲಿನ ಕೆಲಸಕ್ಕೆ ಅವನ ಕೈಕೆಳಗೆ ಕಿಲ್ಲೇದಾರ, ಹೋಬಳಿಯಲ್ಲಿ ಕಂದಾಯಕ್ಕೆ ಶೇಕದಾರ, ಕಂದಾಚಾರಕ್ಕೆ ಹೋಬಳಿದಾರ. ಕಂದಾಯ ಎತ್ತುವವನೂ ದಂಡ ಹಿಡಿದವನೂ ಒಬ್ಬನೇ ಅಮಲ್ದಾರನಾಗಿದ್ದುದರಿಂದ, ಅವನು ಧರ್ಮಿಷ್ಠನಾಗಿದ್ದರೆ ಪ್ರಜೆ ಬದುಕಿದ, ಇಲ್ಲದಿದ್ದರೆ ಇಲ್ಲ. ಬೊಕ್ಕಸದ ಅಡಚಣೆ ಹೆಚ್ಚಿದಂತೆ ಶರತ್ತಿನ ಪದ್ಧತಿ ಬಲವಾಯಿತು. ಇಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡಬೇಕು. ಕೊರತೆ ಬಿದ್ದರೆ ಅವನೇ ತುಂಬಬೇಕು. ಅಂಥವನ ಕೈಯಲ್ಲಿರುವ ಕಾವಲಿನ ಪಡೆ ಯಾರನ್ನು ಕಾದೀತು? ಕಳ್ಳನ ಹೆಜ್ಜೆ ಹಿಡಿಯಬೇಕಾದವರು ಬಾಕಿದಾರನ ಬಾಗಿಲಲ್ಲಿ ನಿಂತರು.

1830ರಲ್ಲಿ ನಗರ ಸೀಮೆಯ ರೈತರು ಹೊಸಂತೆಯಲ್ಲಿ ಕೂಟ ಸೇರಿದರು. ಕಂದಾಯ ಕೊಡುವುದನ್ನು ನಿಲ್ಲಿಸಿದರು. ದಂಗೆ ಹಬ್ಬಿತು, ತರೀಕೆರೆಯ ಪಾಳೆಯಗಾರರ ವಂಶದವರೂ, ತಾನೇ ನಗರದ ಅರಸನೆಂದು ಹೇಳಿಕೊಂಡ ಬೂದಿ ಬಸವಪ್ಪನೂ ಅದರೊಳಗೆ ಸೇರಿಕೊಂಡರು. ಆ ವರ್ಷದ ಡಿಸೆಂಬರಿನಲ್ಲಿ ಮಹಾರಾಜರೇ ದಂಡಿನೊಡನೆ ಚನ್ನರಾಯಪಟ್ಟಣದವರೆಗೆ, ಎಂದರೆ ನಮ್ಮ ತೆಂಗಿನ ಸೀಮೆಯ ನೆರೆಗೇ, ಬರಬೇಕಾಯಿತು. 1831ರ ಅಕ್ಟೋಬರಿನಲ್ಲಿ ರಾಜ್ಯಾಡಳಿತವನ್ನು ಕಂಪನಿ ತನ್ನ ಕೈಗೆ ತೆಗೆದುಕೊಂಡಿತು. ಇದನ್ನು ಕೇವಲ ತೆರಿಗೆಯ ದಂಗೆಯೆಂದು ಓದುವುದು ರೂಢಿ. ಆದರೆ ಇದು ಕಾವಲಿನ ವ್ಯವಸ್ಥೆಯ ಸೋಲೂ ಹೌದು. ದೂರು ಹೇಳಿಕೊಳ್ಳಬೇಕಾದ ಅಧಿಕಾರಿಯೇ ದೂರಿಗೆ ಕಾರಣನಾದಾಗ ಪ್ರಜೆಗೆ ಉಳಿಯುವುದು ಕೂಟವೊಂದೇ. ಪೂರ್ಣಯ್ಯನವರ ಕಂದಾಚಾರ ಮೂವತ್ತು ವರ್ಷಗಳಲ್ಲಿ ಹೀಗೇಕೆ ತಿರುವುಮುರುವಾಯಿತು? ಸಿಪಾಯಿ ಬದಲಾಗಲಿಲ್ಲ, ಅವನ ಊರು ಬದಲಾಗಲಿಲ್ಲ. ಬದಲಾದದ್ದು, ಅವನು ಯಾರಿಗೆ ಲೆಕ್ಕ ಕೊಡಬೇಕೆಂಬುದು.

1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ಹಳೆಯ ಹುದ್ದೆಗಳನ್ನು ಬಹುಪಾಲು ಹಾಗೆಯೇ ಇಟ್ಟುಕೊಂಡು ಮೇಲುಸ್ತುವಾರಿಯನ್ನು ಬಿಗಿಗೊಳಿಸಿದ. 769 ಬಗೆಯ ಸಣ್ಣಪುಟ್ಟ ತೆರಿಗೆಗಳು ಅವನ ಕಾಲದಲ್ಲಿ ರದ್ದಾದವು. ಅವುಗಳೊಡನೆ ಕಾವಲಿನವನು ಬಾಗಿಲು ತಟ್ಟುವ 769 ನೆಪಗಳೂ ಹೋದವೆಂದೇ ಹೇಳಬೇಕು. ನಮ್ಮ ಭಾಗವು ಸೇರಿದ್ದ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನು ತುಮಕೂರಿನಲ್ಲಿ ನೆಲೆಸಿದ್ದ ಡಾಬ್ಸ್. ಬೆಂಗಳೂರು-ತುಮಕೂರು ರಸ್ತೆಯ ಡಾಬಸ್‌ಪೇಟೆ ಅವನ ಹೆಸರನ್ನು ಇಂದಿಗೂ ಹೊತ್ತಿದೆ. 1861ರಲ್ಲಿ ಭಾರತಕ್ಕೆಲ್ಲ ಪೋಲೀಸು ಕಾಯಿದೆ ಬಂತು. ಬೌರಿಂಗನ ಆಡಳಿತದಲ್ಲಿ ಕಂದಾಚಾರ ಮೆಲ್ಲಮೆಲ್ಲನೆ ಹಿಂದೆ ಸರಿದು ಸಮವಸ್ತ್ರದ ಖಾಯಂ ಪೋಲೀಸು ಮುಂದೆ ಬಂತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಅದೇ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಹೊಣೆ ಕೇಳುವ ವೇದಿಕೆಯೊಂದು ಮೊದಲ ಬಾರಿಗೆ ಏರ್ಪಟ್ಟಿತು. ಅದು ರಾಜಧಾನಿಯಲ್ಲಿ ವರ್ಷಕ್ಕೊಮ್ಮೆ ಸೇರುವ ಸಭೆ, ಸದಸ್ಯರು ಆಸ್ತಿವಂತರು, ತೋಟಿಯ ದೂರು ಅಲ್ಲಿಗೆ ಮುಟ್ಟುವುದು ಕಷ್ಟ. ಆದರೂ ಅದು ಆರಂಭ.

ಹಳ್ಳಿಯ ಮಟ್ಟದಲ್ಲಿ ಮಾತ್ರ ಪಟೇಲ, ಶಾನುಭೋಗ, ತಳವಾರ, ತೋಟಿಗಳ ವ್ಯವಸ್ಥೆ ಬಹುಕಾಲ ಮುಂದುವರಿಯಿತು. 1908ರ ಮೈಸೂರು ಗ್ರಾಮಾಧಿಕಾರ ಕಾಯಿದೆ ಅದಕ್ಕೆ ಶಾಸನದ ಚೌಕಟ್ಟು ಕೊಟ್ಟಿತು. ಅಪರಾಧ ನಡೆದರೆ ಪಟೇಲನು ಠಾಣೆಗೆ ವರದಿ ಕಳಿಸಬೇಕು. ವರದಿಯನ್ನು ಒಯ್ಯುವ ಕಾಲು ತೋಟಿಯದು. ಸ್ವಾತಂತ್ರ್ಯ ಬಂದ ಮೇಲೆ ವಂಶಪಾರಂಪರ್ಯದ ಅಧಿಕಾರ ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದಲ್ಲವೆಂಬುದು ಸ್ಪಷ್ಟವಾಗಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು, ಪಟೇಲನಿಂದ ತೋಟಿಯವರೆಗೆ ಎಲ್ಲ ಹುದ್ದೆಗಳನ್ನೂ ಒಟ್ಟಿಗೆ ತೆಗೆದುಹಾಕಿತು. ಶಾನುಭೋಗನ ಜಾಗಕ್ಕೆ ಗ್ರಾಮಲೆಕ್ಕಿಗ ಬಂದ. ತೋಟಿಗೆ ಹುಟ್ಟಿನಿಂದ ಅಂಟಿದ ಚಾಕರಿ ಕಾಗದದ ಮೇಲಾದರೂ ಕಳಚಿತು. ಇದು ದೊಡ್ಡ ಸುಧಾರಣೆ. ಇದರ ಬಗ್ಗೆ ಎರಡು ಮಾತಿಲ್ಲ.

ಆದರೆ ತೆಗೆದುಹಾಕಿದ ಹುದ್ದೆಗಳೊಡನೆ ಊರಿನ ಕಾವಲೂ ಹೋಯಿತು. ಅದರ ಸ್ಥಾನದಲ್ಲಿ ಏನು ಬರಬೇಕೆಂಬ ಪ್ರಶ್ನೆಗೆ 1964ರ ಗ್ರಾಮರಕ್ಷಣಾ ದಳಗಳ ಕಾಯಿದೆಯಲ್ಲಿ ಒಂದು ಉತ್ತರವಿತ್ತು. ಊರಿನವರೇ ಸ್ವಯಂಸೇವಕರಾಗಿ ಸೇರುವ ದಳ, ಅದಕ್ಕೊಬ್ಬ ದಳಪತಿ, ಪೋಲೀಸರ ಮೇಲ್ವಿಚಾರಣೆ. ಉದ್ದೇಶ ಒಳ್ಳೆಯದು. ಆದರೆ ದಳದ ಹೊಣೆ ಮೇಲಿನ ಪೋಲೀಸು ಅಧಿಕಾರಿಗೇ ಹೊರತು ಕೆಳಗಿನ ಗ್ರಾಮಸಭೆಗಲ್ಲ. ಊರಿಗೆ ಕೋಲನ್ನು ಕೊಟ್ಟು, ಕೋಲು ಹಿಡಿದವನನ್ನು ಪ್ರಶ್ನಿಸುವ ಹಕ್ಕನ್ನು ಊರಿಗೆ ಕೊಡದಿದ್ದರೆ, ಕೋಲು ಬಲವಂತನ ಕೈಸೇರುವುದು ಸಹಜ.

ವಿಕೇಂದ್ರೀಕರಣದ ಮಹತ್ವದ ಪ್ರಯತ್ನ ಕರ್ನಾಟಕದಲ್ಲಿ ನಡೆದದ್ದು ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ. 1983ರ ಕಾಯಿದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ಸೃಷ್ಟಿಸಿತು. 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. ಶಾಲೆ, ಆಸ್ಪತ್ರೆ, ಕುಡಿಯುವ ನೀರುಗಳು ಚುನಾಯಿತರ ಕೈಗೆ ಬಂದವು. ಆ ಕಾಯಿದೆಯ ಹೆಸರಿನಲ್ಲಿಯೇ ನ್ಯಾಯ ಪಂಚಾಯಿತಿ ಎಂಬ ಮಾತಿತ್ತು, ಆದರೆ ನ್ಯಾಯ ಪಂಚಾಯಿತಿಗಳು ಕಾರ್ಯರೂಪಕ್ಕೆ ಬರಲಿಲ್ಲ. ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಪಟ್ಟಿಮಾಡಿತು. ಪೋಲೀಸು ಅದರಲ್ಲಿಲ್ಲ. ಪೋಲೀಸು ರಾಜ್ಯದ ವಿಷಯ, ರಾಜ್ಯದ್ದಾಗಿಯೇ ಉಳಿಯಿತು. ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಕೊಟ್ಟ ನಿರ್ದೇಶನಗಳನ್ನು ಅನುಸರಿಸಿ ಕರ್ನಾಟಕವು 2012ರಲ್ಲಿ ತನ್ನ ಪೋಲೀಸು ಕಾಯಿದೆಯನ್ನು ತಿದ್ದಿ, ರಾಜ್ಯಮಟ್ಟದಲ್ಲಿಯೂ ಜಿಲ್ಲಾಮಟ್ಟದಲ್ಲಿಯೂ ಪೋಲೀಸರ ವಿರುದ್ಧದ ದೂರು ಪ್ರಾಧಿಕಾರಗಳಿಗೆ ಅವಕಾಶ ಮಾಡಿತು. 2017ರಲ್ಲಿ ಗಸ್ತಿನ ಪದ್ಧತಿಯನ್ನು ಹೊಸದಾಗಿ ರೂಪಿಸಿ, ಒಬ್ಬೊಬ್ಬ ಕಾನ್‌ಸ್ಟೇಬಲಿಗೆ ಒಂದೊಂದು ಪ್ರದೇಶವನ್ನು ಒಪ್ಪಿಸಲಾಯಿತು. ಅಲ್ಲಿನ ಜನರನ್ನು ಪರಿಚಯ ಮಾಡಿಕೊಂಡು ಅವರ ನೆರವು ಪಡೆಯುವುದು ಅದರ ಆಶಯ. ಊರನ್ನು ಬಲ್ಲವನೇ ಊರನ್ನು ಕಾಯಬಲ್ಲನೆಂಬ ತಳವಾರನ ಕಾಲದ ಅನುಭವವನ್ನು ಆಧುನಿಕ ಪೋಲೀಸು ಮತ್ತೊಂದು ದಾರಿಯಿಂದ ಬಂದು ಒಪ್ಪಿಕೊಂಡಂತಾಯಿತು.

ಎರಡು ಶತಮಾನಗಳ ಈ ಕಥೆಯಿಂದ ನಾವು ತಿಳಿಯಬೇಕಾದುದೇನು? ಕಾವಲನ್ನು ಕೇಂದ್ರದಲ್ಲಿಡಬೇಕೇ, ಊರಿಗೆ ಹಂಚಬೇಕೇ ಎಂದು ವಾದಿಸುವವರು ಸಾಮಾನ್ಯವಾಗಿ ಅರ್ಧ ಪ್ರಶ್ನೆಯನ್ನು ಮಾತ್ರ ಕೇಳುತ್ತಾರೆ. ಹಾಗಲವಾಡಿಯ ಪಾಳೆಯಗಾರನೂ ಸ್ಥಳೀಯನೇ, ಶರತ್ತಿನ ಕಾಲದ ಕಂದಾಚಾರದವನೂ ಸ್ಥಳೀಯನೇ, ತೋಟಿಯೂ ಸ್ಥಳೀಯನೇ. ಮೊದಲನೆಯವನು ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಎರಡನೆಯವನು ಅಮಲ್ದಾರನೊಬ್ಬನಿಗೆ ಉತ್ತರ ಹೇಳಿದ. ಮೂರನೆಯವನು ಊರಿಗೆಲ್ಲ ಉತ್ತರ ಹೇಳಿದ, ಆದರೆ ಊರು ಅವನಿಗೆ ಉತ್ತರ ಹೇಳಲಿಲ್ಲ. ಕಾಯುವವನು ಹತ್ತಿರದಲ್ಲಿದ್ದರೆ ಸಾಲದು; ಅವನ ಲೆಕ್ಕ ಕೇಳುವ ಅಧಿಕಾರವೂ ಹತ್ತಿರದಲ್ಲಿರಬೇಕು. ಆ ಅಧಿಕಾರ ಊರ ಗೌಡನ ಜಗಲಿಗೂ ಊರಾಚೆಯ ಹಟ್ಟಿಗೂ ಸಮನಾಗಿ ಸಲ್ಲಬೇಕು.

ಇಂದು ತುರುವೇಕೆರೆ ತಾಲ್ಲೂಕಿನ ಯಾವ ಹಳ್ಳಿಯ ಗ್ರಾಮಸಭೆಗೆ ಹೋದರೂ ಬೀದಿದೀಪದ ಮಾತು ಬರುತ್ತದೆ, ನಲ್ಲಿಯ ಮಾತು ಬರುತ್ತದೆ, ಕೆಟ್ಟ ರಸ್ತೆಯ ಮಾತು ಬರುತ್ತದೆ. ಅವಕ್ಕೆಲ್ಲ ಉತ್ತರ ಹೇಳಲು ಒಬ್ಬ ಅಧಿಕಾರಿಯಿರುತ್ತಾನೆ. ತೋಟದ ಕಾಯಿ ಹೋದ ಮಾತೋ, ಹೆಣ್ಣುಮಕ್ಕಳು ಸಂಜೆಯ ದಾರಿಯಲ್ಲಿ ಹೆದರುವ ಮಾತೋ ಎದ್ದರೆ, ಠಾಣೆಗೆ ಅರ್ಜಿ ಕೊಡಿ ಎಂಬುದರ ಹೊರತು ಸಭೆ ಹೇಳಬಲ್ಲುದು ಹೆಚ್ಚೇನಿಲ್ಲ. ವರ್ಷಕ್ಕೆ ಎರಡು ಬಾರಿಯಾದರೂ ಗಸ್ತಿನ ಕಾನ್‌ಸ್ಟೇಬಲನೂ ಅವನ ಠಾಣಾಧಿಕಾರಿಯೂ ಗ್ರಾಮಸಭೆಯ ಮುಂದೆ ಕುಳಿತು, ಬಂದ ದೂರುಗಳೆಷ್ಟು, ನಡೆಸಿದ ವಿಚಾರಣೆಗಳೆಷ್ಟು ಎಂದು ಹೇಳುವ ನಿಯಮವಾಗಬೇಕು. ಸಭೆಯಲ್ಲಿ ಹಟ್ಟಿಯವರ ಮಾತಿಗೂ ಹೆಂಗಸರ ಮಾತಿಗೂ ಸರದಿ ಗೊತ್ತಾಗಬೇಕು. ಇದಕ್ಕೆ ಹೊಸ ಪಡೆ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. 1881ರಲ್ಲಿ ಮೈಸೂರಿನಲ್ಲಿ ದಿವಾನರು ಪ್ರತಿನಿಧಿಗಳ ಮುಂದೆ ನಿಂತು ರಾಜ್ಯದ ಲೆಕ್ಕ ಒಪ್ಪಿಸಿದ ಸಂಪ್ರದಾಯ ನಮ್ಮದೇ. ಅದನ್ನು ಊರ ಚಾವಡಿಯವರೆಗೆ ತರುವ ಕೆಲಸವಷ್ಟೇ ಬಾಕಿಯಿದೆ.